ಡಾಟ್ ಕಾಮ್ ದುಬಾರಿ, ಡಾಟ್ ಇನ್ ಅಗ್ಗ: ಡೊಮೇನ್ ದರ ನಿಗದಿ ಮಾಡುವವರು ಯಾರು?

2024ರ ಸೆಪ್ಟೆಂಬರ್ 1ರಂದು ಡಾಟ್ ಕಾಮ್ ಡೊಮೇನ್‌ನ, ಅಂದರೆ ಜಾಲತಾಣದ ವಿಳಾಸವಾಗುವ ಹೆಸರಿನ, ವರ್ಷದ ಸಗಟು ದರ 10.26 ಡಾಲರ್‌ಗೆ ಏರಿತು. ನಾಲ್ಕು ವರ್ಷಗಳಲ್ಲಿ ಅದು ನಾಲ್ಕನೆಯ ಏರಿಕೆ. 2025ರ ಜುಲೈನಲ್ಲಿ ಅಂತರ್ಜಾಲದ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯೂ ಪ್ರತಿ ಹೆಸರಿನ ಮೇಲಿನ ತನ್ನ ವಾರ್ಷಿಕ ಶುಲ್ಕವನ್ನು 18 ಸೆಂಟ್‌ನಿಂದ 20 ಸೆಂಟ್‌ಗೆ ಹೆಚ್ಚಿಸಿತು. ಇದೇ ಹೊತ್ತಿಗೆ ಇನ್ನೊಂದು ಸುದ್ದಿಯೂ ಬಂತು. ಕೆರಿಬಿಯನ್ ಸಮುದ್ರದ ಆಂಗ್ವಿಲಾ ಎಂಬ ಪುಟ್ಟ ದ್ವೀಪ ಡಾಟ್ ಎಐ ಹೆಸರುಗಳನ್ನು ಮಾರಿಯೇ 2023ರಲ್ಲಿ ಸುಮಾರು 3.2 ಕೋಟಿ ಡಾಲರ್ ಗಳಿಸಿತ್ತು. ಅಲ್ಲಿನ ಜನಸಂಖ್ಯೆ ಹದಿನಾರು ಸಾವಿರದಷ್ಟು. ಸರ್ಕಾರದ ಒಟ್ಟು ಆದಾಯದಲ್ಲಿ ಐದನೇ ಒಂದು ಪಾಲಿಗೂ ಹೆಚ್ಚು ಬಂದದ್ದು ಈ ಎರಡಕ್ಷರಗಳಿಂದ.

ಜಾಲತಾಣ ನಡೆಸುವ ಸಾಮಾನ್ಯರಿಗೆ ಈ ಸುದ್ದಿಗಳು ಗೊಂದಲ ಹುಟ್ಟಿಸುತ್ತವೆ. ಅಂತರ್ಜಾಲ ಒಂದೇ. ಹೆಸರು ಎಂಬುದು ಒಂದು ದತ್ತಾಂಶ ಕೋಶದಲ್ಲಿನ ಒಂದು ಸಾಲು ಮಾತ್ರ. ಹಾಗಿದ್ದೂ ಡಾಟ್ ಇನ್‌ಗೆ ಒಂದು ಬೆಲೆ, ಡಾಟ್ ಕಾಮ್‌ಗೆ ಇನ್ನೊಂದು, ಡಾಟ್ ಎಐಗೆ ಇವೆರಡರ ಹಲವು ಪಟ್ಟು ಬೆಲೆ ಏಕೆ? ಬೆಲೆಯ ವ್ಯತ್ಯಾಸಕ್ಕೂ ತಾಂತ್ರಿಕ ವೆಚ್ಚಕ್ಕೂ ಸಂಬಂಧ ಬಹಳ ಕಡಿಮೆ. ಹೆಸರಿನ ಮೇಲಿನ ಹಕ್ಕು ಯಾರ ಕೈಯಲ್ಲಿದೆ, ಆ ಹಕ್ಕನ್ನು ಅವರಿಗೆ ಯಾವ ಷರತ್ತಿನ ಮೇಲೆ ಕೊಡಲಾಗಿದೆ ಎಂಬುದರ ಮೇಲೆಯೇ ಬೆಲೆ ನಿಂತಿದೆ.

ಸಗಟು ಮತ್ತು ಚಿಲ್ಲರೆ

ಒಂದು ಹೆಸರು ನಮ್ಮ ಕೈಗೆ ಬರುವ ಮುನ್ನ ಎರಡು ಹಂತ ದಾಟುತ್ತದೆ. ಮೊದಲನೆಯದು ರಿಜಿಸ್ಟ್ರಿ. ಡಾಟ್ ಕಾಮ್‌ನ ಎಲ್ಲ ಹೆಸರುಗಳ ಮೂಲ ಪಟ್ಟಿ ಅಮೆರಿಕದ ವೆರಿಸೈನ್ ಕಂಪನಿಯ ಬಳಿ ಇದೆ. ಡಾಟ್ ಇನ್ ಪಟ್ಟಿ ನಮ್ಮ ಕೇಂದ್ರ ಸರ್ಕಾರದ ಅಡಿಯ ನಿಕ್ಸಿ ಎಂಬ ಸಂಸ್ಥೆಯ ಬಳಿ ಇದೆ. ಒಂದು ವಿಸ್ತರಣೆಗೆ (ಹೆಸರಿನ ಕೊನೆಯ ಡಾಟ್ ಕಾಮ್, ಡಾಟ್ ಇನ್‌ನಂಥ ಭಾಗಕ್ಕೆ) ಒಂದೇ ರಿಜಿಸ್ಟ್ರಿ, ಇದು ತಾಂತ್ರಿಕ ಅನಿವಾರ್ಯ. ಎರಡು ಪಟ್ಟಿಗಳಿದ್ದರೆ ಒಂದೇ ಹೆಸರನ್ನು ಇಬ್ಬರಿಗೆ ಮಾರುವ ಅಪಾಯವಿದೆ. ಎರಡನೆಯ ಹಂತ ರಿಜಿಸ್ಟ್ರಾರ್, ಅಂದರೆ ನಾವು ಕಾರ್ಡ್ ಅಥವಾ ಯುಪಿಐ ಮೂಲಕ ಹಣ ಕಟ್ಟುವ ಕಂಪನಿ. ಇವು ಜಗತ್ತಿನಲ್ಲಿ ನೂರಾರು ಇವೆ, ಪರಸ್ಪರ ಪೈಪೋಟಿಯನ್ನೂ ನಡೆಸುತ್ತವೆ.

ಡಾಟ್ ಕಾಮ್‌ನ ವಿಷಯದಲ್ಲಿ ವೆರಿಸೈನ್ ಎಲ್ಲ ರಿಜಿಸ್ಟ್ರಾರ್‌ಗಳಿಗೂ ಒಂದೇ ಸಗಟು ದರ ವಿಧಿಸಬೇಕೆಂಬ ನಿಯಮವಿದೆ. ಬೆಂಗಳೂರಿನ ರಿಜಿಸ್ಟ್ರಾರ್‌ಗೂ ಬರ್ಲಿನ್‌ನ ರಿಜಿಸ್ಟ್ರಾರ್‌ಗೂ 10.26 ಡಾಲರ್. ಇದರ ಮೇಲೆ ತೆರಿಗೆ, ವಿದೇಶಿ ವಿನಿಮಯ, ರಿಜಿಸ್ಟ್ರಾರ್‌ನ ಲಾಭ ಸೇರುತ್ತವೆ. ಭಾರತದಲ್ಲಿ ಶೇ 18 ಜಿಎಸ್‌ಟಿ, ಜರ್ಮನಿಯಲ್ಲಿ ಶೇ 19 ಮತ್ತು ಬ್ರಿಟನ್‌ನಲ್ಲಿ ಶೇ 20 ವ್ಯಾಟ್ ಇದೆ. ತೆರಿಗೆಯಲ್ಲಿ ದೊಡ್ಡ ಅಂತರವಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ. ಅಂತರ ಹುಟ್ಟುವುದು ಬೇರೆ ಕಡೆ.

ಡಾಟ್ ಕಾಮ್‌ನ ಬೆಲೆ ಬರೆಯುವುದು ವಾಷಿಂಗ್ಟನ್

1995ರ ಸೆಪ್ಟೆಂಬರ್‌ವರೆಗೆ ಡಾಟ್ ಕಾಮ್ ಹೆಸರುಗಳು ಉಚಿತವಾಗಿದ್ದವು. ವೆಚ್ಚವನ್ನು ಅಮೆರಿಕ ಸರ್ಕಾರದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಭರಿಸುತ್ತಿತ್ತು. ಆಮೇಲೆ ನೆಟ್‌ವರ್ಕ್ ಸಲ್ಯೂಷನ್ಸ್ ಕಂಪನಿ ಎರಡು ವರ್ಷಕ್ಕೆ 100 ಡಾಲರ್ ವಸೂಲಿ ಮಾಡಲು ತೊಡಗಿತು. ಮಾರುವವರು ಅವರೊಬ್ಬರೇ ಆಗಿದ್ದುದರಿಂದ ಕೇಳಿದ್ದೇ ಬೆಲೆ. 1998ರಲ್ಲಿ ಐಕ್ಯಾನ್ ಹುಟ್ಟಿತು, ಮರುವರ್ಷ ಚಿಲ್ಲರೆ ಮಾರಾಟವನ್ನು ಎಲ್ಲರಿಗೂ ತೆರೆಯಲಾಯಿತು. ಸಗಟು ದರ 6 ಡಾಲರ್‌ಗೆ ಇಳಿಯಿತು. ಚಿಲ್ಲರೆಯಲ್ಲಿ ಪೈಪೋಟಿ ಬಂದರೂ ಸಗಟಿನಲ್ಲಿ ಏಕಸ್ವಾಮ್ಯ ಹಾಗೆಯೇ ಉಳಿಯಿತು. 2000ದಲ್ಲಿ ನೆಟ್‌ವರ್ಕ್ ಸಲ್ಯೂಷನ್ಸ್ ಅನ್ನು ಕೊಂಡ ವೆರಿಸೈನ್, ಇಂದಿಗೂ ಆ ಗದ್ದುಗೆಯಲ್ಲಿದೆ.

ಏಕಸ್ವಾಮ್ಯ ಇರುವೆಡೆ ಬೆಲೆಗೆ ಲಗಾಮು ಹಾಕುವವರು ಬೇಕು. ಆ ಲಗಾಮು ಎರಡು ಕೈಗಳಲ್ಲಿದೆ: ಒಂದು ಐಕ್ಯಾನ್ ಜತೆಗಿನ ಒಪ್ಪಂದ, ಇನ್ನೊಂದು ಅಮೆರಿಕದ ವಾಣಿಜ್ಯ ಇಲಾಖೆಯ ಜತೆಗಿನ ಒಪ್ಪಂದ. 2012ರಲ್ಲಿ ಒಬಾಮ ಆಡಳಿತ ದರವನ್ನು 7.85 ಡಾಲರ್‌ಗೆ ಕಟ್ಟಿಹಾಕಿತು. 2018ರಲ್ಲಿ ಟ್ರಂಪ್ ಆಡಳಿತ ಆ ಕಟ್ಟನ್ನು ಸಡಿಲಿಸಿತು. ಆರು ವರ್ಷಗಳ ಪ್ರತಿ ಅವಧಿಯಲ್ಲಿ ಕೊನೆಯ ನಾಲ್ಕು ವರ್ಷ, ವರ್ಷಕ್ಕೆ ಶೇ 7ರವರೆಗೆ ಏರಿಸಲು ಅನುಮತಿ ಸಿಕ್ಕಿತು. ವೆರಿಸೈನ್ ನಾಲ್ಕೂ ಅವಕಾಶಗಳನ್ನು ಬಳಸಿಕೊಂಡಿತು. 2021ರಲ್ಲಿ 8.39, 2022ರಲ್ಲಿ 8.97, 2023ರಲ್ಲಿ 9.59, 2024ರಲ್ಲಿ 10.26.

ಭಾರತದ ಅಥವಾ ಬ್ರೆಜಿಲ್‌ನ ಗ್ರಾಹಕ ಕೊಡುವ ಬೆಲೆಯನ್ನು ಇಲ್ಲಿ ನಿರ್ಧರಿಸಿದ್ದು ಅಮೆರಿಕದ ಎರಡು ಆಡಳಿತಗಳ ನೀತಿ ವ್ಯತ್ಯಾಸ. ಆ ಮಾತುಕತೆಯಲ್ಲಿ ಉಳಿದ ದೇಶಗಳಿಗೆ ಕುರ್ಚಿಯೇ ಇರಲಿಲ್ಲ.

ಇಬ್ಬರ ವಾದ

ವೆರಿಸೈನ್‌ನ ವಾದವನ್ನು ಸುಮ್ಮನೆ ತಳ್ಳಿಹಾಕಲಾಗದು. ಕಾಲು ಶತಮಾನಕ್ಕೂ ಹೆಚ್ಚು ಕಾಲ ಡಾಟ್ ಕಾಮ್ ವ್ಯವಸ್ಥೆ ಒಂದು ಗಳಿಗೆಯೂ ನಿಂತಿಲ್ಲ ಎಂದು ಕಂಪನಿ ಹೇಳಿಕೊಳ್ಳುತ್ತದೆ. ಜಗತ್ತಿನ ಬ್ಯಾಂಕು, ವ್ಯಾಪಾರ, ಸಮಾಚಾರಗಳೆಲ್ಲ ಇದರ ಮೇಲೆ ನಿಂತಿರುವಾಗ ದಾಳಿಗಳನ್ನು ತಡೆದು ನಿಲ್ಲುವ ಸಾಮರ್ಥ್ಯಕ್ಕೆ ಬೆಲೆ ಇದೆ ಎಂಬುದು ಅದರ ಮಾತು. ತನ್ನ ಸಗಟು ದರಕ್ಕೆ ಮಿತಿ ಇದೆ, ರಿಜಿಸ್ಟ್ರಾರ್‌ಗಳ ಚಿಲ್ಲರೆ ದರಕ್ಕೆ ಮಿತಿಯೇ ಇಲ್ಲ ಎಂಬ ಆಕ್ಷೇಪವನ್ನೂ ಅದು ಎತ್ತುತ್ತದೆ. ಇದು ನಿಜ. ಹೆಸರುಗಳನ್ನು ಕೂಡಿಟ್ಟು ಸಾವಿರಾರು ಡಾಲರ್‌ಗೆ ಮರುಮಾರಾಟ ಮಾಡುವವರ ಮೇಲೂ ಯಾವ ಅಂಕೆ ಇಲ್ಲ.

ಎದುರು ಪಕ್ಷದವರು ಲೆಕ್ಕಪತ್ರವನ್ನೇ ತೋರಿಸುತ್ತಾರೆ. 2024ರಲ್ಲಿ ವೆರಿಸೈನ್‌ನ ವರಮಾನ ಸುಮಾರು 156 ಕೋಟಿ ಡಾಲರ್, ಕಾರ್ಯಾಚರಣೆಯ ಲಾಭ ಸುಮಾರು 106 ಕೋಟಿ ಡಾಲರ್. ನೂರು ಡಾಲರ್ ಬಂದರೆ ಅರವತ್ತೇಳು ಡಾಲರ್‌ಗೂ ಹೆಚ್ಚು ಲಾಭ. ಹದಿನೈದು ಕೋಟಿಗೂ ಹೆಚ್ಚು ಹೆಸರುಗಳಿರುವ ಪಟ್ಟಿಗೆ ಇನ್ನೊಂದು ಹೆಸರು ಸೇರಿಸಲು ತಗಲುವ ವೆಚ್ಚ ಶೂನ್ಯಕ್ಕೆ ಸಮೀಪ. ಹೆಸರುಗಳು ಹೆಚ್ಚಿದಂತೆ ತಲಾ ವೆಚ್ಚ ಇಳಿಯಬೇಕು, ಇಲ್ಲಿ ದರ ಏರುತ್ತಿದೆ. 2024ರ ನವೆಂಬರ್‌ನಲ್ಲಿ ಅಮೆರಿಕದ ಸೆನೆಟರ್ ಎಲಿಜಬೆತ್ ವಾರನ್ ಮತ್ತು ಪ್ರತಿನಿಧಿ ಜೆರ್ರಿ ನಾಡ್ಲರ್ ಈ ಏಕಸ್ವಾಮ್ಯವನ್ನು ಪರಿಶೀಲಿಸಬೇಕೆಂದು ತಮ್ಮ ಸರ್ಕಾರಕ್ಕೆ ಪತ್ರ ಬರೆದರು. ಆದರೂ ಅದೇ ತಿಂಗಳ ಕೊನೆಗೆ ಒಪ್ಪಂದ ನವೀಕರಣಗೊಂಡಿತು. ವೆರಿಸೈನ್ ಗಂಭೀರ ತಪ್ಪು ಮಾಡದ ಹೊರತು ನವೀಕರಣ ತಾನಾಗಿಯೇ ಸಿಗುವಂತೆ ಒಪ್ಪಂದ ರಚನೆಯಾಗಿದೆ. ಟೆಂಡರ್ ಕರೆಯುವುದಿಲ್ಲ. ಟೆಂಡರ್ ಕರೆದಿದ್ದರೆ ದರ ಎಲ್ಲಿಗೆ ಇಳಿಯುತ್ತಿತ್ತು ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷ್ಯವಿದೆ, ಅದನ್ನು ಮುಂದೆ ನೋಡೋಣ.

ರೂಪಾಯಿಯಲ್ಲಿ ಹಿಡಿದ ಲೆಕ್ಕ

ಭಾರತೀಯ ಗ್ರಾಹಕರಿಗೆ ವೆರಿಸೈನ್‌ಗಿಂತ ದೊಡ್ಡ ಪೆಟ್ಟು ಕೊಟ್ಟಿರುವುದು ರೂಪಾಯಿಯ ಕುಸಿತ. 2010ರ ಕೊನೆಯಲ್ಲಿ ಡಾಟ್ ಕಾಮ್ ಸಗಟು ದರ 7.34 ಡಾಲರ್, ಐಕ್ಯಾನ್ ಶುಲ್ಕ 18 ಸೆಂಟ್, ಒಟ್ಟು 7.52 ಡಾಲರ್ ಆಗಿತ್ತು. ಆಗ ಒಂದು ಡಾಲರ್‌ಗೆ 45 ರೂಪಾಯಿಯ ಆಸುಪಾಸು. ಅಂದರೆ ತೆರಿಗೆ ಬಿಟ್ಟು ಸುಮಾರು 338 ರೂಪಾಯಿ. 2025ರ ಕೊನೆಯಲ್ಲಿ ಇದೇ ಮೊತ್ತ 10.46 ಡಾಲರ್, ರೂಪಾಯಿ 90ರ ಗೆರೆ ಮುಟ್ಟಿತ್ತು. ತೆರಿಗೆ ಬಿಟ್ಟು ಸುಮಾರು 941 ರೂಪಾಯಿ, ಜಿಎಸ್‌ಟಿ ಸೇರಿದರೆ 1,110 ದಾಟುತ್ತದೆ. ಇದರಲ್ಲಿ ರಿಜಿಸ್ಟ್ರಾರ್‌ಗೆ ಇನ್ನೂ ಒಂದು ಪೈಸೆ ಲಾಭ ಬಂದಿಲ್ಲ.

ಹದಿನೈದು ವರ್ಷಗಳಲ್ಲಿ ಅಮೆರಿಕದವನಿಗೆ ಏರಿದ್ದು ಶೇ 39. ನಮಗೆ ಏರಿದ್ದು ಶೇ 178. ವಸ್ತು ಒಂದೇ, ಮಾರುವವರೂ ಅವರೇ. ಡಾಲರ್‌ನಲ್ಲಿ ದರ ಕಟ್ಟುವ ಯಾವುದೇ ಸೇವೆಗೂ ಈ ಲೆಕ್ಕ ಅನ್ವಯಿಸುತ್ತದೆ. ಆದರೆ ಡೊಮೇನ್ ವಿಷಯದಲ್ಲಿ ಗ್ರಾಹಕನಿಗೆ ತಪ್ಪಿಸಿಕೊಳ್ಳುವ ದಾರಿ ಕಿರಿದು. ಹತ್ತು ವರ್ಷ ಬಳಸಿದ ಹೆಸರು ಚೀಟಿಯಲ್ಲಿ, ಅಂಗಡಿ ಫಲಕದಲ್ಲಿ, ಇಮೇಲ್‌ನಲ್ಲಿ, ಗೂಗಲ್ ಹುಡುಕಾಟದಲ್ಲಿ ಬೇರೂರಿರುತ್ತದೆ. ದುಬಾರಿಯಾಯಿತೆಂದು ಬಿಟ್ಟುಬಿಡಲು ಆಗುವುದಿಲ್ಲ.

ಒಂದೇ ದರ ಎಂಬುದು ಕೇಳಲು ಸಮಾನತೆಯಂತೆ ಕಾಣುತ್ತದೆ. ಜರ್ಮನಿಯಲ್ಲಿ 2025ರ ಕನಿಷ್ಠ ಕೂಲಿ ಗಂಟೆಗೆ 12.82 ಯೂರೊ. ಅಲ್ಲಿ ಒಂದು ಗಂಟೆಯ ದುಡಿಮೆಯಲ್ಲಿ ಡಾಟ್ ಕಾಮ್‌ನ ವರ್ಷದ ಸಗಟು ದರ ತೀರಿ ಇನ್ನೂ ಮಿಗುತ್ತದೆ. ಕರ್ನಾಟಕದಲ್ಲಿ 2025–26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಅದೇ ಹೆಸರಿಗೆ ಇಲ್ಲಿ ಮೂರು ದಿನದ ದುಡಿಮೆ ಬೇಕು. ಸ್ವಸಹಾಯ ಸಂಘವೊಂದು ತನ್ನ ರೊಟ್ಟಿ, ಚಟ್ನಿಪುಡಿ ಮಾರಲು ಸ್ವಂತ ಜಾಲತಾಣ ಮಾಡುವುದನ್ನು ಬಿಟ್ಟು ವಾಟ್ಸ್‌ಆ್ಯಪ್‌ಗೋ ಇನ್‌ಸ್ಟಾಗ್ರಾಂಗೋ ಹೋಗುವುದರ ಹಿಂದೆ ಅನುಕೂಲದ ಜತೆಗೆ ಈ ಖರ್ಚೂ ಇದೆ. ಆಗ ಅವರ ವಿಳಾಸ ಅವರದಾಗಿ ಉಳಿಯುವುದಿಲ್ಲ, ಆ ವೇದಿಕೆ ಖಾತೆ ಮುಚ್ಚಿದ ದಿನ ಗಿರಾಕಿಗಳೂ ಹೋಗುತ್ತಾರೆ.

ಎರಡಕ್ಷರ, ದೇಶದ ಸ್ವಾತಂತ್ರ್ಯ

ಡಾಟ್ ಇನ್, ಡಾಟ್ ಡಿಇ, ಡಾಟ್ ಯುಕೆಯಂಥ ಎರಡಕ್ಷರದ ವಿಸ್ತರಣೆಗಳ ಕಥೆ ಪೂರ್ತಿ ಬೇರೆ. ಇವು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ದೇಶ ಸಂಕೇತಗಳ ಪಟ್ಟಿಯಿಂದ ಬಂದವು. ಯಾವುದು ದೇಶ, ಯಾವುದು ಅಲ್ಲ ಎಂಬ ರಾಜಕೀಯ ತಕರಾರಿಗೆ ಸಿಲುಕುವುದು ಬೇಡವೆಂದು ಅಂತರ್ಜಾಲದ ಆರಂಭಿಕರು ಈ ಸಿದ್ಧ ಪಟ್ಟಿಯನ್ನು ಎತ್ತಿಕೊಂಡರು. 1994ರಲ್ಲಿ ಆ ಆರಂಭಿಕರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ ಬರೆದ ಮಾರ್ಗಸೂಚಿಯ ಪ್ರಕಾರ ಇವನ್ನು ನೋಡಿಕೊಳ್ಳುವವರು ಆಯಾ ದೇಶದ ಸಮುದಾಯಕ್ಕೂ ಜಾಗತಿಕ ಅಂತರ್ಜಾಲ ಸಮುದಾಯಕ್ಕೂ ಧರ್ಮದರ್ಶಿಗಳು. ಇವುಗಳ ದರವನ್ನು ಐಕ್ಯಾನ್ ನಿಗದಿ ಮಾಡುವುದಿಲ್ಲ. ಆದ್ದರಿಂದ ಒಂದೊಂದು ದೇಶ ಒಂದೊಂದು ದಾರಿ ಹಿಡಿಯಿತು.

ಜರ್ಮನಿಯಲ್ಲಿ ಡಾಟ್ ಡಿಇ ನಡೆಸುವುದು ಡೆನಿಕ್ ಎಂಬ ಸಹಕಾರ ಸಂಘ. ಲಾಭ ಅದರ ಗುರಿಯಲ್ಲ. ಒಂದೂವರೆ ಕೋಟಿಗೂ ಹೆಚ್ಚು ಹೆಸರುಗಳ ಮೇಲೆ ವೆಚ್ಚ ಹಂಚಿಹೋಗುವುದರಿಂದ ಶ್ರೀಮಂತ ದೇಶದ ಹೆಸರಾದರೂ ಅದು ಅಗ್ಗ. ಬ್ರಿಟನ್‌ನ ನಾಮಿನೆಟ್ ಕೂಡ ಸದಸ್ಯರ ಸಂಸ್ಥೆ. ಅಲ್ಲಿ ದರ ಏರಿಕೆ, ಹೆಚ್ಚುತ್ತಿದ್ದ ಸಂಬಳ ಮತ್ತು ಮೂಲ ಉದ್ದೇಶದಿಂದ ದೂರ ಸರಿದ ಆರೋಪಗಳ ಮೇಲೆ 2021ರ ಮಾರ್ಚ್‌ನಲ್ಲಿ ಸದಸ್ಯರು ಮತ ಹಾಕಿ ಅಧ್ಯಕ್ಷರನ್ನೇ ಕೆಳಗಿಳಿಸಿದರು. ಡಾಟ್ ಕಾಮ್ ಬಳಕೆದಾರರಿಗೆ ಇಂಥ ಮತಾಧಿಕಾರ ಎಲ್ಲೂ ಇಲ್ಲ.

ಆಂಗ್ವಿಲಾದ ದಾರಿ ಇದಕ್ಕೆ ತದ್ವಿರುದ್ಧ. ಕೃತಕ ಬುದ್ಧಿಮತ್ತೆಯ ಅಲೆ ಎದ್ದಾಗ ಡಾಟ್ ಎಐಗೆ ಬೇಡಿಕೆ ಉಕ್ಕಿತು. 2022ರಲ್ಲಿ 1.44 ಲಕ್ಷವಿದ್ದ ಹೆಸರುಗಳು 2023ರಲ್ಲಿ 3.54 ಲಕ್ಷವಾದವು. ಕನಿಷ್ಠ ಎರಡು ವರ್ಷಕ್ಕೆ ನೋಂದಾಯಿಸಬೇಕು, ಆ ಎರಡು ವರ್ಷಕ್ಕೆ ಸೇರಿ ಸಗಟು ದರ ಆಗ 140 ಡಾಲರ್ ಇತ್ತು. ಕೊಳ್ಳುವವರು ಬಂಡವಾಳ ಹೂಡಿಸಿಕೊಂಡ ನವೋದ್ಯಮಗಳು, ಅವರಿಗೆ ಈ ಮೊತ್ತ ಭಾರವಲ್ಲ ಎಂಬುದು ದ್ವೀಪದ ಸರ್ಕಾರಕ್ಕೆ ಗೊತ್ತು. ಬೆಂಗಳೂರಿನ ಕೋರಮಂಗಲದಲ್ಲೋ ಎಚ್‌ಎಸ್‌ಆರ್ ಲೇಔಟ್‌ನಲ್ಲೋ ಶುರುವಾದ ಎಐ ಕಂಪನಿ ಕಟ್ಟುವ ಹಣದ ಒಂದು ಪಾಲು ಹೀಗೆ ಕೆರಿಬಿಯನ್ ದ್ವೀಪದ ಬೊಕ್ಕಸ ಸೇರುತ್ತದೆ. ನನಗೆ ಇದರಲ್ಲಿ ಅನ್ಯಾಯ ಕಾಣುವುದಿಲ್ಲ. 2017ರಲ್ಲಿ ಇರ್ಮಾ ಚಂಡಮಾರುತಕ್ಕೆ ಸಿಕ್ಕಿ ಜರ್ಜರಿತವಾದ, ಪ್ರವಾಸೋದ್ಯಮ ಬಿಟ್ಟರೆ ಬೇರೆ ಆಸರೆ ಇಲ್ಲದ ನಾಡು ತನ್ನ ಪಾಲಿಗೆ ಬಂದ ಎರಡಕ್ಷರಗಳಿಂದ ಬದುಕು ಕಟ್ಟಿಕೊಳ್ಳುತ್ತಿದೆ. ಕೊಳ್ಳುವವರಿಗೆ ಬೇರೆ ವಿಸ್ತರಣೆ ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಇದೆ.

ಇಂಥ ಅದೃಷ್ಟ ಎಲ್ಲ ಸಣ್ಣ ದೇಶಗಳಿಗೂ ಇಲ್ಲ. ಸರ್ವರ್, ಭದ್ರತೆ, ದಿನವಿಡೀ ನಿಗಾ ಇಡುವ ಸಿಬ್ಬಂದಿ, ಇವುಗಳ ವೆಚ್ಚ ಹೆಸರುಗಳು ಐದು ಸಾವಿರವಿದ್ದರೂ ಐವತ್ತು ಲಕ್ಷವಿದ್ದರೂ ಬಹುಪಾಲು ಇದ್ದೇ ಇರುತ್ತದೆ. ಹೆಸರುಗಳು ಕಡಿಮೆಯಿದ್ದಲ್ಲಿ ತಲಾ ಬೆಲೆ ಏರುತ್ತದೆ, ಬೆಲೆ ಏರಿದಲ್ಲಿ ಸ್ಥಳೀಯರೇ ಡಾಟ್ ಕಾಮ್‌ನತ್ತ ಹೊರಳುತ್ತಾರೆ, ಹೆಸರುಗಳು ಇನ್ನೂ ಕಡಿಮೆಯಾಗುತ್ತವೆ. ಸ್ಥಳೀಯ ವಿಳಾಸ, ಕಂಪನಿ ದಾಖಲೆ ಇದ್ದವರಿಗಷ್ಟೇ ಹೆಸರು ಕೊಡುವ ನಿಯಮಗಳು ಈ ಸುಳಿಯನ್ನು ಮತ್ತಷ್ಟು ಬಿಗಿಗೊಳಿಸುತ್ತವೆ.

ತೀರಾ ಅಗ್ಗವಾದಾಗ

ಹಾಗಾದರೆ ಎಲ್ಲರೂ ಬೆಲೆ ಇಳಿಸಬಾರದೇಕೆ? ಚೀನಾ 2007ರಲ್ಲಿ ಅದನ್ನೇ ಮಾಡಿತು. ಡಾಟ್ ಸಿಎನ್ ಹೆಸರಿಗೆ ಮೊದಲ ವರ್ಷ ಕೇವಲ ಒಂದು ಯುವಾನ್. ಹೆಸರುಗಳು ಒಂದು ಕೋಟಿ ಮೀರಿದವು, ಡಾಟ್ ಡಿಇಯನ್ನು ಹಿಂದಿಕ್ಕಿದವು. ಜತೆಗೆ ಸ್ಪ್ಯಾಮ್, ನಕಲಿ ಜಾಲತಾಣಗಳೂ ಹಿಂಡಾಗಿ ಬಂದವು. ಬೇಸತ್ತ ಚೀನಾ 2009ರ ಡಿಸೆಂಬರ್‌ನಲ್ಲಿ ಗುರುತಿನ ದಾಖಲೆಯ ನಿಯಮ ಬಿಗಿ ಮಾಡಿತು. 1.3 ಕೋಟಿ ದಾಟಿದ್ದ ಹೆಸರುಗಳು ಮುಂದಿನ ವರ್ಷದ ಕೊನೆಗೆ 45 ಲಕ್ಷಕ್ಕೂ ಕೆಳಗಿಳಿದವು.

ಟೊಕೆಲಾವ್‌ನದು ಇನ್ನೂ ಕಹಿ ಪಾಠ. ಪೆಸಿಫಿಕ್‌ನ ಮೂರು ಹವಳ ದ್ವೀಪಗಳ, ಸುಮಾರು ಒಂದೂವರೆ ಸಾವಿರ ಜನರ ಈ ಪ್ರದೇಶದ ಡಾಟ್ ಟಿಕೆ ಹೆಸರುಗಳನ್ನು ಫ್ರೀನಮ್ ಎಂಬ ಕಂಪನಿ ಉಚಿತವಾಗಿ ಹಂಚಿತು. ಮಾಲಿ, ಗ್ಯಾಬನ್‌ನಂಥ ಆಫ್ರಿಕಾದ ದೇಶಗಳ ಹೆಸರುಗಳನ್ನೂ ಹೀಗೆಯೇ ಹಂಚಿತು. ಕೈಬಿಟ್ಟ ಹೆಸರುಗಳಲ್ಲಿ ಜಾಹೀರಾತು ಹಾಕಿ ಗಳಿಸುವುದು ಅದರ ವ್ಯವಹಾರ. ವಂಚಕರಿಗೆ ಇದು ಸುಗ್ಗಿಯಾಯಿತು. ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ ಮೊಕದ್ದಮೆ ಹೂಡಿತು, 2023ರಲ್ಲಿ ಹೊಸ ನೋಂದಣಿ ನಿಂತಿತು, 2024ರ ಫೆಬ್ರುವರಿಯಲ್ಲಿ ಕಂಪನಿ ಡೊಮೇನ್ ವ್ಯವಹಾರವನ್ನೇ ತೊರೆಯುವುದಾಗಿ ಘೋಷಿಸಿತು. ಪ್ರಾಮಾಣಿಕವಾಗಿ ಆ ಹೆಸರು ಬಳಸುತ್ತಿದ್ದ ವಿದ್ಯಾರ್ಥಿಗಳು, ಬಡ ಸಂಸ್ಥೆಗಳು ಬೀದಿಗೆ ಬಿದ್ದರು. ಗುರುತಿನ ತಪಾಸಣೆ ಇಲ್ಲದ ಅಗ್ಗದ ಹೆಸರು ಕೊನೆಗೆ ಬಡವನಿಗೇ ದುಬಾರಿಯಾಗುತ್ತದೆ.

ಡಾಟ್ ಇನ್: ನಮ್ಮ ಕೈಯಲ್ಲಿರುವುದು

2005ಕ್ಕೆ ಮುಂಚೆ ಡಾಟ್ ಇನ್ ಪಡೆಯುವುದು ಕಚೇರಿಗಳಿಗೆ ಅಲೆಯುವ ಕೆಲಸ. ಹನ್ನೆರಡು ವರ್ಷಗಳಲ್ಲಿ ನೋಂದಣಿಯಾದ ಹೆಸರುಗಳು ಏಳು ಸಾವಿರದಷ್ಟು. 2005ರ ಜನವರಿಯಲ್ಲಿ ನಿಯಮ ಸಡಿಲಿಸಿ, ಯಾರು ಬೇಕಾದರೂ ರಿಜಿಸ್ಟ್ರಾರ್ ಮೂಲಕ ಕೊಳ್ಳಬಹುದೆಂದ ಮೇಲೆ ಐದೇ ವರ್ಷಗಳಲ್ಲಿ ಆರು ಲಕ್ಷ ದಾಟಿದವು. ಬೆಲೆಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ನಿಯಮವೂ ಜನರನ್ನು ತಡೆಯುತ್ತದೆ.

ನಿಕ್ಸಿ ಎಂಬುದು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಅಡಿಯಲ್ಲಿ ಬರುವ, ಲಾಭದ ಉದ್ದೇಶವಿಲ್ಲದ ಕಂಪನಿ. ತಾಂತ್ರಿಕ ಕೆಲಸವನ್ನು ಅದು ಟೆಂಡರ್ ಮೂಲಕ ಹೊರಗಿನವರಿಗೆ ವಹಿಸುತ್ತದೆ. ಮೊದಲು ಅಫಿಲಿಯಾಸ್, ಆಮೇಲೆ ನ್ಯೂಸ್ಟಾರ್, ಈಗ ಟುಕೌಸ್. 2018ರಲ್ಲಿ ನ್ಯೂಸ್ಟಾರ್ ಗೆದ್ದದ್ದು ಒಂದು ಹೆಸರಿಗೆ ವರ್ಷಕ್ಕೆ ಒಂದು ಡಾಲರ್‌ಗೂ ಕಡಿಮೆ ದರ ನಮೂದಿಸಿ. ನಾನು ಮೇಲೆ ಹೇಳಿದ ಸಾಕ್ಷ್ಯ ಇದೇ. ಭದ್ರತೆಯ ಮಟ್ಟ, ಹೊಣೆಗಾರಿಕೆಗಳಲ್ಲಿ ವ್ಯತ್ಯಾಸ ಇರಬಹುದು, ಡಾಟ್ ಕಾಮ್ ಮೇಲಿನ ದಾಳಿಗಳ ಪ್ರಮಾಣವೂ ದೊಡ್ಡದೇ. ಆದರೂ ಒಂದು ಡಾಲರ್‌ಗೂ ಹತ್ತು ಡಾಲರ್‌ಗೂ ನಡುವಿನ ಕಂದಕವನ್ನು ತಂತ್ರಜ್ಞಾನದ ವೆಚ್ಚ ತುಂಬಲಾರದು.

ಕನ್ನಡ ಲಿಪಿಯಲ್ಲೇ ಬರೆಯುವ ಡಾಟ್ ಭಾರತ ವಿಸ್ತರಣೆಯೂ ನಿಕ್ಸಿಯ ಕೈಯಲ್ಲಿದೆ. 2021ರ ಆರಂಭದಲ್ಲಿ ಡಾಟ್ ಇನ್ ಕೊಂಡವರಿಗೆ ಭಾರತೀಯ ಭಾಷೆಯ ಒಂದು ಹೆಸರನ್ನು ಉಚಿತವಾಗಿ ಕೊಡುವ ಯೋಜನೆಯನ್ನೂ ಅದು ತಂದಿತ್ತು. ಬೆಲೆ ಶೂನ್ಯವಾದರೂ ಕನ್ನಡದ ವಿಳಾಸಗಳು ನಮ್ಮ ಕಣ್ಣಿಗೆ ಬೀಳುವುದು ಅಪರೂಪ. ಅನೇಕ ಅರ್ಜಿ ನಮೂನೆಗಳು, ಆ್ಯಪ್‌ಗಳು ಕನ್ನಡ ಲಿಪಿಯ ಇಮೇಲ್ ವಿಳಾಸವನ್ನು ತಪ್ಪೆಂದು ತಿರಸ್ಕರಿಸುತ್ತವೆ. ಇಲ್ಲಿ ಅಡ್ಡಿ ಹಣದ್ದಲ್ಲ. ಸರ್ಕಾರಿ ಜಾಲತಾಣಗಳೇ ಮೊದಲು ಈ ವಿಳಾಸಗಳನ್ನು ಸ್ವೀಕರಿಸುವಂತಾಗಬೇಕು.

ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಬೇರೆ ದಾರಿ ಹಿಡಿದಿದೆ. ನಕಲಿ ಬ್ಯಾಂಕ್ ತಾಣಗಳ ಹಾವಳಿ ತಡೆಯಲು ಡಾಟ್ ಬ್ಯಾಂಕ್ ಡಾಟ್ ಇನ್ ವಿಸ್ತರಣೆಗೆ 2025ರ ಅಕ್ಟೋಬರ್ 31ರೊಳಗೆ ಬರಬೇಕೆಂದು ಬ್ಯಾಂಕುಗಳಿಗೆ ಸೂಚಿಸಿತು. ಅದರ ನೋಂದಣಿ ರಿಸರ್ವ್ ಬ್ಯಾಂಕ್ ಸ್ಥಾಪಿಸಿದ, ಹೈದರಾಬಾದ್‌ನ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆ ಐಡಿಆರ್‌ಬಿಟಿಯ ಮೂಲಕ ಮಾತ್ರ. ಇಲ್ಲಿ ಮುಖ್ಯವಾದದ್ದು ಬೆಲೆಗಿಂತ ತಪಾಸಣೆ.

ಮೊದಲ ವರ್ಷದ ಆಮಿಷ

ಚಿಲ್ಲರೆ ಮಾರುಕಟ್ಟೆಯ ಜಾಹೀರಾತು ದರ ನೋಡಿ ದೇಶ ದೇಶಗಳನ್ನು ಹೋಲಿಸಿದರೆ ದಾರಿ ತಪ್ಪುತ್ತೇವೆ. ಸಗಟು ದರವೇ ಸಾವಿರದ ಸಮೀಪವಿರುವ ಡಾಟ್ ಕಾಮ್ ಹೆಸರು ಇನ್ನೂರು ಮುನ್ನೂರು ರೂಪಾಯಿಗೆ ಸಿಕ್ಕರೆ ಉಳಿದ ಹಣವನ್ನು ರಿಜಿಸ್ಟ್ರಾರ್ ಕೈಯಿಂದ ಹಾಕುತ್ತಿದ್ದಾನೆ ಎಂದೇ ಅರ್ಥ. ಅದನ್ನು ಎರಡನೇ ವರ್ಷದ ನವೀಕರಣದಲ್ಲಿ, ಜಾಲತಾಣಕ್ಕೆ ಸರ್ವರ್‌ನಲ್ಲಿ ಜಾಗ ಕೊಡುವ ಹೋಸ್ಟಿಂಗ್‌ನಲ್ಲಿ, ಇಮೇಲ್ ಸೇವೆಯಲ್ಲಿ ಮರಳಿ ಪಡೆಯುತ್ತಾನೆ. ಯಾವ ದೇಶದಲ್ಲಿ ಹೊಸ ಗ್ರಾಹಕರು ಹೆಚ್ಚುತ್ತಿದ್ದಾರೋ ಅಲ್ಲಿ ಈ ರಿಯಾಯಿತಿ ಜೋರು, ಮಾರುಕಟ್ಟೆ ತುಂಬಿದ ದೇಶದಲ್ಲಿ ಕಡಿಮೆ.

ಭಾರತದಲ್ಲಿ ಇದಕ್ಕೆ ಮತ್ತೊಂದು ತೊಡಕಿದೆ. ಕಾರ್ಡ್‌ನಿಂದ ತಾನಾಗಿಯೇ ಹಣ ಕಡಿತವಾಗಲು 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ಹೆಚ್ಚುವರಿ ಒಪ್ಪಿಗೆ ಕಡ್ಡಾಯ ಮಾಡಿದೆ. ಈ ವ್ಯವಸ್ಥೆಗೆ ಹೊಂದಿಕೊಳ್ಳದ ವಿದೇಶಿ ರಿಜಿಸ್ಟ್ರಾರ್‌ಗಳಲ್ಲಿ ನವೀಕರಣದ ಪಾವತಿ ವಿಫಲವಾಗುತ್ತದೆ. ಗಮನಿಸದೆ ಅವಧಿ ಮುಗಿದರೆ ಹೆಸರನ್ನು ಬಿಡಿಸಿಕೊಳ್ಳಲು ದಂಡದ ರೂಪದಲ್ಲಿ ಮೂಲ ದರದ ಹಲವು ಪಟ್ಟು ತೆರಬೇಕಾಗುತ್ತದೆ. ಕೊಳ್ಳುವ ಮುನ್ನ ನೋಡಬೇಕಾದ ಅಂಕಿ ನವೀಕರಣ ದರ. ಅದನ್ನು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ತೋರಿಸಬೇಕೆಂದು ಡಾಟ್ ಇನ್ ಮಾರುವವರಿಗಾದರೂ ನಿಕ್ಸಿ ಷರತ್ತು ಹಾಕಬಹುದು. ಅದಕ್ಕೆ ವಾಷಿಂಗ್ಟನ್‌ನ ಅಪ್ಪಣೆ ಬೇಕಿಲ್ಲ.

2026ರ ಅಕ್ಟೋಬರ್ ನಂತರ

ಡಾಟ್ ಕಾಮ್ ದರಕ್ಕೆ ಸದ್ಯ ಇರುವ ತಡೆ 2026ರ ಅಕ್ಟೋಬರ್ 26ಕ್ಕೆ ಮುಗಿಯುತ್ತದೆ. ಅಲ್ಲಿಂದ ಮುಂದಿನ ನಾಲ್ಕು ವರ್ಷಗಳ ಏರಿಕೆಗಳನ್ನೂ ವೆರಿಸೈನ್ ಪೂರ್ತಿ ಬಳಸಿಕೊಂಡರೆ ಸಗಟು ದರ ಸುಮಾರು 13.45 ಡಾಲರ್ ಮುಟ್ಟುತ್ತದೆ. ಡಾಲರ್ 90 ರೂಪಾಯಿಯಲ್ಲೇ ನಿಂತರೂ ಜಿಎಸ್‌ಟಿ ಸೇರಿ 1,400 ರೂಪಾಯಿ ದಾಟುತ್ತದೆ.

ಡಾಟ್ ಐಒ ಬಳಸುವ ತಂತ್ರಜ್ಞಾನ ಕಂಪನಿಗಳ ಮುಂದಿರುವ ಅನಿಶ್ಚಿತತೆ ಬೇರೆ ಬಗೆಯದು. ಅದು ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಿಗಾಗಿ ಬ್ರಿಟನ್ ಪಡೆದ ಸಂಕೇತ. ದ್ವೀಪಗಳನ್ನು ಮಾರಿಷಸ್‌ಗೆ ಒಪ್ಪಿಸುವ ಒಡಂಬಡಿಕೆಗೆ 2025ರ ಮೇ 22ರಂದು ಸಹಿ ಬಿದ್ದಿದೆ. ಆ ಸಂಕೇತವನ್ನು ದೇಶಗಳ ಪಟ್ಟಿಯಿಂದ ತೆಗೆದರೆ ಐಕ್ಯಾನ್ ನಿಯಮದ ಪ್ರಕಾರ ವಿಸ್ತರಣೆಯನ್ನು ಐದು ವರ್ಷಗಳಲ್ಲಿ ಮುಚ್ಚಬೇಕಾಗುತ್ತದೆ, ಹೆಚ್ಚೆಂದರೆ ಇನ್ನೈದು ವರ್ಷ ಮುಂದೂಡಬಹುದು. ಯುಗೊಸ್ಲಾವಿಯದ ಡಾಟ್ ವೈಯು 2010ರಲ್ಲಿ ಹೀಗೆ ಅಳಿದುಹೋಯಿತು. ಸೋವಿಯತ್ ಒಕ್ಕೂಟ ಮರೆಯಾಗಿ ದಶಕಗಳಾದರೂ ಡಾಟ್ ಎಸ್‌ಯು ಮಾತ್ರ ಉಳಿದುಕೊಂಡಿತು. ಎರಡೂ ಮಾದರಿಗಳು ಇರುವುದರಿಂದ ಹೊಸದಾಗಿ ಡಾಟ್ ಐಒ ಕೊಳ್ಳುವವರು ಬೆಲೆಯ ಜತೆಗೆ ಈ ಅಪಾಯವನ್ನೂ ತೂಗಬೇಕು.

ಈಗಾಗಲೇ ಡಾಟ್ ಕಾಮ್ ಹೆಸರು ಇರುವವರಿಗೆ ಒಂದು ರಕ್ಷಣೆ ಒಪ್ಪಂದದಲ್ಲೇ ಇದೆ. ದರ ಏರಿಸುವ ಆರು ತಿಂಗಳ ಮೊದಲು ವೆರಿಸೈನ್ ರಿಜಿಸ್ಟ್ರಾರ್‌ಗಳಿಗೆ ತಿಳಿಸಬೇಕು, ಅಷ್ಟರೊಳಗೆ ಹಳೆಯ ದರದಲ್ಲೇ ಒಟ್ಟು ಹತ್ತು ವರ್ಷಗಳವರೆಗೆ ಹೆಸರನ್ನು ನವೀಕರಿಸಬಹುದು. ಹತ್ತು ವರ್ಷದ ಹಣ ಒಮ್ಮೆಗೇ ಹೊಂದಿಸಲಾಗದ ಸಂಘ ಸಂಸ್ಥೆಗಳು ಮೂರೋ ನಾಲ್ಕೋ ವರ್ಷಕ್ಕಾದರೂ ಕಟ್ಟಿಟ್ಟರೆ, ವೆರಿಸೈನ್‌ನ ಏರಿಕೆ ಮತ್ತು ರೂಪಾಯಿಯ ಇಳಿಕೆ ಎರಡರಿಂದಲೂ ಅಷ್ಟು ಕಾಲ ಪಾರಾಗುತ್ತವೆ.